ಸಂದರ್ಶಕರ ಬೆಂಚಿನ ಯಜ್ಞನಾರಾಯಣರು

ಯಜ್ಞನಾರಾಯಣರು ಯಾವ ಮೆಟ್ಟಿಲನ್ನೂ ನಂಬಿದವರಲ್ಲ. ಬಲಗಾಲಿನ ತುದಿಯಿಂದ ಮೊದಲ ಮೆಟ್ಟಿಲನ್ನು ಎರಡು ಸಲ ಅದುಮಿ, ಅದು ತಮ್ಮ ಭಾರವನ್ನು ಹೊರುವುದೆಂದು ಖಾತ್ರಿಯಾದ ಮೇಲೆಯೇ ಮೇಲೇರುವರು. ಅದು ನಗರಸಭೆಯ ಕಲ್ಲಿನ ಮೆಟ್ಟಿಲಾದರೂ ಸರಿ, ದಿನಕ್ಕೆ ಹತ್ತು ಸಲ ಹತ್ತಿಳಿಯುವ ಸ್ವಂತ ಮನೆಯದಾದರೂ ಸರಿ. ಕೊಚ್ಚಿಯ ಸೆಕೆಗೆ ಊರೆಲ್ಲ ಬೆವರಿ ಬೆಂಡಾಗಿರುವಾಗ ಅವರೊಬ್ಬರ ಮೈಮೇಲೆ ಮಾತ್ರ ಕಂದುಬಣ್ಣದ ಹತ್ತಿಯ ಕೋಟು. ಏಕೆಂದು ಕೇಳಿದರೆ, “ಜೇಬು ಬೇಕಲ್ಲಪ್ಪಾ” ಎನ್ನುವರು. ಆ ಜೇಬುಗಳಲ್ಲಿ ಟಾರ್ಚು, ಭೂತಗನ್ನಡಿ, ಅಳತೆಯ ಟೇಪು, ಇತ್ತೀಚೆಗೆ ಬಾವಿನೀರು ತುಂಬಿದ ಪುಟ್ಟ ಸೀಸೆಯೊಂದು.

ಮೈಸೂರು ಕಡೆಯ ಈ ಮನುಷ್ಯ ಮೂವತ್ತೊಂದು ವರ್ಷ ತಿರುವನಂತಪುರದ ಬಾಹ್ಯಾಕಾಶ ಕೇಂದ್ರವೊಂದರ ಗುಣಪರೀಕ್ಷಾ ವಿಭಾಗದಲ್ಲಿ ದುಡಿದವರು. ಅಲ್ಲೊಂದು ಪದ್ಧತಿಯಿತ್ತಂತೆ: ಪರೀಕ್ಷೆ ನಡೆಯುತ್ತಿರುವಾಗ ಯಾರಿಗೆ ಸಂಶಯ ಬಂದರೂ, ಅವನು ಎಷ್ಟೇ ಕಿರಿಯನಾಗಿರಲಿ, “ಹೋಲ್ಡ್” ಎಂದು ಕೂಗಿದರೆ ಸಾಕು, ಎಲ್ಲರ ಕೈಯೂ ನಿಲ್ಲಬೇಕು. ಕೂಗಿದವನು ಪರೀಕ್ಷಾಪಟ್ಟಿಯ ಯಾವ ಹಂತದ ಮೇಲೆ ಸಂಶಯವೋ ಅದರ ಸಂಖ್ಯೆ, ಆಮೇಲೆ ಕಾರಣ ಹೇಳಬೇಕು. ಒಮ್ಮೆ ಇವರು ಹೀಗೆ ಕೂಗಿ ಎರಡು ತಾಸು ಕೆಲಸ ನಿಲ್ಲಿಸಿದ್ದು, ಕೊನೆಗೆ ಸಂಶಯದ ಆ ತಿರುಪು ಭದ್ರವಾಗಿಯೇ ಇದ್ದದ್ದು, ಸಹೋದ್ಯೋಗಿಗಳು ವರ್ಷಗಟ್ಟಲೆ ಆಡಿಕೊಂಡು ನಕ್ಕದ್ದು, ಎಲ್ಲವನ್ನೂ ಅವರೇ ನನಗೆ ಹೇಳಿದ್ದಾರೆ. “ಭದ್ರವಾಗಿತ್ತು ಅಂತ ಗೊತ್ತಾಯ್ತಲ್ಲ, ಅದೇನು ಸಣ್ಣ ಲಾಭವೇ?” ಎಂದು ಕೇಳುವಾಗ ಅವರ ಮುಖದಲ್ಲಿ ತಮಾಷೆಯ ಲವಲೇಶವೂ ಇರಲಿಲ್ಲ.

ನಿವೃತ್ತಿಯ ಮೇಲೆ ಮಗಳು ಅಪರ್ಣಾಳ ಹತ್ತಿರವಿರಲೆಂದು ಕೊಚ್ಚಿಯ ಕಾರ್ಖಾನೆಗಳ ಪ್ರದೇಶವಾದ ಏಲೂರಿನಾಚೆಯ ನಮ್ಮ ಓಣಿಗೆ ಬಂದರು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲಿಯೇ ಬೇರುಬಿಟ್ಟ ನಾನು ಪಕ್ಕದ ಮನೆಯವನು. ನಗರಸಭೆಯ ತಿಂಗಳ ಸಭೆಗೆ ಸಾರ್ವಜನಿಕರೂ ಹೋಗಿ ಸಂದರ್ಶಕರ ಬೆಂಚಿನಲ್ಲಿ ಕೂರಬಹುದೆಂದು ನನಗೆ ತಿಳಿದದ್ದೇ ಅವರಿಂದ. ಸಂದರ್ಶಕರು ಬಾಯಿ ತೆರೆಯಕೂಡದೆಂಬ ನಿಯಮವಿದ್ದುದರಿಂದ, ಮೂರು ವರ್ಷ ಆ ಬೆಂಚಿನಲ್ಲಿ ಕುಳಿತರೂ ಅವರು ಒಮ್ಮೆಯೂ ಗಟ್ಟಿಯಾಗಿ ಕೆಮ್ಮಿದವರಲ್ಲ.

ಈ ಬೇಸಿಗೆಯಲ್ಲಿ ಓಣಿಯ ಬಾವಿಗಳ ನೀರು ಹಳದಿಗೆ ತಿರುಗಿತು. ಅಪರ್ಣಾ ಏಳು ತಿಂಗಳ ಬಸುರಿ. ನಮ್ಮ ಕೌನ್ಸಿಲರ್ ಮೋಹಿನಿ ಒತ್ತಾಯಿಸಿದ ಮೇಲೆ, ಹದಿನೆಂಟು ಮನೆಗಳ ಬಾವಿನೀರನ್ನು ಪರೀಕ್ಷಿಸಬೇಕು, ಫಲಿತಾಂಶ ಬರುವವರೆಗೆ ಟ್ಯಾಂಕರ್ ನೀರು ಕೊಡಬೇಕು ಎಂದು ಸಭೆ ನಿರ್ಣಯಿಸಿತು. ಮುಂದಿನ ಸಭೆಯಲ್ಲಿ ಆ ನಡಾವಳಿ ದೃಢವಾದ ಮೇಲೆಯೇ ಟ್ಯಾಂಕರ್ ಹೊರಡುವುದು. ಆ ಒಂದು ತಿಂಗಳು ಯಜ್ಞನಾರಾಯಣರು ಮಗಳು ಎತ್ತಿದ ಪ್ರತಿ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿದರು. “ಅಚ್ಛಾ, ಮದಿ” ಎಂದು, ಸಾಕು ಮಾಡಪ್ಪಾ ಎಂದು, ಅವಳು ಮಲಯಾಳದಲ್ಲಿ ಸಿಡುಕುವುದು ನಮ್ಮ ಮನೆಗೂ ಕೇಳಿಸುತ್ತಿತ್ತು.

ಸಭೆಯ ದಿನ ನನ್ನನ್ನೂ ಎಳೆದೊಯ್ದರು. ಹಿಂದಿನ ನಡಾವಳಿಯ ಓದೆಂದರೆ ಯಾರೂ ಕಿವಿಗೊಡದ ಮಂತ್ರ. ಸದಸ್ಯರು ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು, ಮೋಹಿನಿ ಫೋನಿನಲ್ಲಿ ಮುಳುಗಿದ್ದರು. ಕಾರ್ಯದರ್ಶಿ ಹನ್ನೊಂದನೆಯ ನಿರ್ಣಯ ಓದಿ, ಹಾಳೆ ಮಗುಚಿ, ಹದಿಮೂರನೆಯದಕ್ಕೆ ಬಂದರು. ನನ್ನ ಮಣಿಕಟ್ಟಿನ ಮೇಲೆ ತಣ್ಣನೆಯ ಕೈಯೊಂದು ಬಿಗಿಯಿತು.

“ಹನ್ನೆರಡು ಎಲ್ಲಿ ಹೋಯ್ತು? ನಮ್ಮದೇ ಹನ್ನೆರಡು.”

“ಕೊನೇಲಿ ಓದ್ತಾರೇನೋ, ಸುಮ್ನಿರಿ ಸಾರ್” ಎಂದೆ. ಸಭೆಯಲ್ಲಿ ಮಾನ ಹೋದೀತೆಂಬುದೇ ನನ್ನ ಭಯವಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಓದು ಮುಗಿಯಿತು. “ಎಲ್ಲಾವರ್ಕುಂ ಸಮ್ಮತಮಲ್ಲೇ?” ಎಂದು ಅಧ್ಯಕ್ಷೆ ಎಲ್ಲರ ಒಪ್ಪಿಗೆ ಕೇಳಿದರು. ಕೈಗಳು ಮೇಲೇಳತೊಡಗಿದವು.

“ಹೋಲ್ಡ್!”

ಆ ದನಿ ಯಜ್ಞನಾರಾಯಣರದೆಂದು ನನಗೇ ನಂಬಿಕೆಯಾಗಲಿಲ್ಲ. ಕೂಗಿದವರು, ಇನ್ನು ಎಲ್ಲರೂ ಕೈ ನಿಲ್ಲಿಸಿ ತಮ್ಮನ್ನು ಕಾರಣ ಕೇಳುತ್ತಾರೆಂಬಂತೆ ನೆಟ್ಟಗೆ ನಿಂತರು. ಯಾರೂ ಕೇಳಲಿಲ್ಲ. ನಿಂತದ್ದು ತಿರುವನಂತಪುರದಲ್ಲಲ್ಲ ಎಂಬುದು ಆಗ ಹೊಳೆದಿರಬೇಕು. “ಪಂತ್ರಂಡ್” ಎಂದು ಸಂಖ್ಯೆಯನ್ನಷ್ಟೇ ಹೇಳಿದರು. ಅಧ್ಯಕ್ಷೆ ಹುಬ್ಬು ಗಂಟಿಕ್ಕಿ ಸನ್ನೆ ಮಾಡಿದರು; ಕಾವಲುಗಾರ “ವಾ ಸಾರೇ” ಎಂದು ಮೆತ್ತಗೆ ತೋಳು ಹಿಡಿದು ಹೊರಗೆ ಕರೆದೊಯ್ದ. ಆದರೆ ಹನ್ನೆರಡು ಎಂಬ ಮಾತು ಮೋಹಿನಿಯ ಕಿವಿಗೆ ಬಿದ್ದಿತ್ತು. ಅವರು ಹಾಳೆ ತಿರುವಿ ಎದ್ದು ನಿಂತರು. ಹುಡುಕಿದಾಗ, ಒಂದು ಹಾಳೆ ಜೆರಾಕ್ಸ್ ಯಂತ್ರದಲ್ಲೇ ಉಳಿದಿತ್ತು. ಅದನ್ನು ತರಿಸಿ, ಓದಿ, ಆಮೇಲೆ ದೃಢೀಕರಿಸಿದರು.

ನಾನು ಹೊರಬಂದಾಗ ಯಜ್ಞನಾರಾಯಣರು ಜಗಲಿಯ ಕಂಬಕ್ಕೊರಗಿ ಕುಳಿತಿದ್ದರು. ಕೋಟು ಬೆನ್ನಿಗೆ ಅಂಟುವಷ್ಟು ಬೆವರು.

“ಓದಿದ್ರಾ?”

“ಓದಿದ್ರು ಸಾರ್.”

“ಹದಿನೆಂಟು ಮನೆ ಅಂತ ಓದಿದ್ರಾ?”

“ಅದನ್ನೂ ಓದಿದ್ರು.”

ಕಣ್ಣು ಮುಚ್ಚಿ ದೀರ್ಘವಾಗಿ ಉಸಿರುಬಿಟ್ಟರು. ಆಮೇಲೆ ಮೆಲ್ಲಗೆ, “ಬೇರೆಯವರ ಓಣೀದು ಇನ್ನೇನೇನು ಬಿಟ್ಟು ಹೋಗಿದೆಯೋ” ಎಂದರು.

ಗುರುವಾರ ಟ್ಯಾಂಕರ್ ಬಂತು. ನಾವೆಲ್ಲ ಬಿಂದಿಗೆ ಹಿಡಿದು ನುಗ್ಗಿದೆವು. ಯಜ್ಞನಾರಾಯಣರು ಮಾತ್ರ ಚಾಲಕನ ಕಿಟಕಿಯ ಬಳಿ ನಿಂತು, ಈ ನೀರು ಎಲ್ಲಿ ತುಂಬಿಸಿದ್ದು, ಯಾವಾಗ, ಟ್ಯಾಂಕು ತೊಳೆದದ್ದು ಯಾವತ್ತು ಎಂದು ವಿಚಾರಿಸುತ್ತಿದ್ದರು. ಸರದಿಯಲ್ಲಿದ್ದವರು ಮುಸಿಮುಸಿ ನಕ್ಕರು, ನಾನೂ ನಕ್ಕೆ. ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಅವರು ತಡೆದ ಕೇಡು ನಡೆಯುವುದಿಲ್ಲ, ನಡೆಯದ ಕೇಡಿಗೆ ಸಾಕ್ಷಿಯಿರುವುದಿಲ್ಲ. ಆದ್ದರಿಂದ ಅವರು ಬದುಕಿರುವಷ್ಟು ದಿನವೂ ಸಂಶಯಪಿಶಾಚಿಗಳೆಂದೇ ಅನ್ನಿಸಿಕೊಳ್ಳುತ್ತಾರೆ. ನಾವು ಅವರು ಕಾದುಕೊಟ್ಟ ನೀರನ್ನು ಕುಡಿದು, ಅವರನ್ನು ಕಂಡು ನಗುವಷ್ಟು ಆರೋಗ್ಯವಾಗಿರುತ್ತೇವೆ.