ಮನೆಯಲ್ಲಿ ಬೆಳ್ಳಗಾಗುತ್ತಿದ್ದ ಬೆಳ್ಳಿನೀರು

ತೊಂಬತ್ತೆಂಟರ ಬೇಸಿಗೆಯಲ್ಲಿ ಜುಲ್ಫಿಕರ್‌ನ ತಲೆ ಕೆಡಿಸಿದ್ದು ಒಂದು ಗಾಜಿನ ಲೋಟ. ತುಮಕೂರಿನಲ್ಲಿ ಬೆಳ್ಳಿಯ ಕಾಲುಚೈನು ಮಾಡಿ ಹೆಸರು ಗಳಿಸಿದವನು ಒಂದು ಲೋಟ ನೀರಿನ ಮುಂದೆ ಸೋತು ಕೂತಿದ್ದ. ಹೆಂಡತಿ ಹಜರಾ ಬೀಯ ಕಾಲ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಬೆರಳು ತೆಗೆಸಿಬಿಡಿ, ತಡ ಮಾಡಿದರೆ ಪಾದಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೆಳ್ಳಿನೀರು ಹಚ್ಚಿದರೆ ಎಂಥ ಹುಣ್ಣೂ ಮಾಯುತ್ತದೆ ಎಂದು ಯಾರೋ ಗಿರಾಕಿ ಹೇಳಿದ. ಇವನಿಗೆ ಅಷ್ಟೇ ಸಾಕಾಯಿತು. ಬೆಳ್ಳಿ ತನ್ನ ಮಾತು ಕೇಳುತ್ತದೆ ಎಂಬ ಜಂಬ ಬೇರೆ.

ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಡಿಸ್ಟಿಲ್ಡ್ ವಾಟರಿನಲ್ಲಿ ಶುದ್ಧ ಬೆಳ್ಳಿಯ ಎರಡು ತಂತಿ ಇಳಿಬಿಟ್ಟು ಸಣ್ಣ ಬ್ಯಾಟರಿಗಳ ಕರೆಂಟು ಹರಿಸುವುದು. ಅಂಗಡಿಯಲ್ಲಿ ಪರೀಕ್ಷೆಗೆಂದು ಮಾಡಿದಾಗ ನೀರು ತಿಳಿಯಾಗಿಯೇ ಇತ್ತು. ಮನೆಯಲ್ಲಿ ಮಾಡಿದರೆ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತಿತ್ತು, ಕೆಟ್ಟಿತೆಂದು ಚೆಲ್ಲುತ್ತಿದ್ದ. ಅಂಗಡಿಯ ಆಸಿಡ್ ಗಾಳಿಯಲ್ಲಿ ಮಾಡಿದ್ದನ್ನು ಹುಣ್ಣಿಗೆ ಹಾಕಲು ಮನಸ್ಸು ಬರಲಿಲ್ಲ.

ತಂತಿ ಬದಲಾಯಿಸಿದ, ಬ್ಯಾಟರಿ ಬದಲಾಯಿಸಿದ. ಕೊನೆಗೆ ಗುಬ್ಬಿಗೆ ಹೋಗಿ, ಬ್ಯಾಟರಿ ಅಂಗಡಿಯ ಸಂಗಮೇಶನ ಹತ್ತಿರ ಡಿಸ್ಟಿಲ್ಡ್ ವಾಟರಿನ ಹೊಸ ಕ್ಯಾನು ಕೇಳಿದ.

"ಲಾರಿ ಬ್ಯಾಟ್ರಿಗೆ ಹಾಕೋ ನೀರು ಹುಣ್ಣಿಗೆ ಹಾಕ್ತೀರಾ ಸಾಬ್ರೇ? ಆಸ್ಪತ್ರೆಗೆ ಕರ್ಕೊಂಡ್ ಹೋಗಿ."

"ಆಸ್ಪತ್ರೆ ಎಲ್ಲಿಗೋಗ್ತದೆ. ನಿನ್ ನೀರ್ನಲ್ಲಿ ಉಪ್ಪಿದ್ಯಾ, ಅದ್ ಹೇಳು."

ಉಪ್ಪಿನ ಗುಮಾನಿ ಕಸುಬಿನಿಂದ ಬಂದದ್ದು. ಆಸಿಡ್‌ನಲ್ಲಿ ಕರಗಿದ ಬೆಳ್ಳಿಗೆ ಉಪ್ಪುನೀರು ಸುರಿದರೆ ಮೊಸರಿನಂತೆ ಬೆಳ್ಳಗೆ ಕೆಳಗಿಳಿಯುತ್ತದೆ. ಆದರೆ ಮನೆಯ ಲೋಟಕ್ಕೆ ಉಪ್ಪು ಎಲ್ಲಿಂದ ಬರಬೇಕು? ಲೋಟವನ್ನು ತಾನೇ ತೊಳೆದ. ಕಾಲಿಗೆ ಬಟ್ಟೆ ಕಟ್ಟುವುದನ್ನು ಮಾತ್ರ ಹಜರಾಳಿಗೇ ಬಿಟ್ಟಿದ್ದ. ಹೇಗಿದೆ ಎಂದರೆ "ನೋವೇನಿಲ್ಲ" ಎನ್ನುತ್ತಿದ್ದಳು. ಇವನಿಗೂ ಅದೇ ಬೇಕಿತ್ತು.

ಒಂದು ಬೆಳಿಗ್ಗೆ ತಂತಿ ಹಿಡಿದು ಅಡುಗೆಮನೆಗೆ ಬಂದವನು ನಿಂತುಬಿಟ್ಟ. ಹಜರಾ ಬಿಸ್ಮಿಲ್ಲಾ ಎನ್ನುತ್ತಾ ಸಣ್ಣ ಬಾಟಲಿಯಿಂದ ಅವನು ತುಂಬಿಸಿಟ್ಟ ಲೋಟಕ್ಕೆ ನೀರು ಹಾಕುತ್ತಿದ್ದಳು. ಕುಣಿಗಲ್ಲಿನ ಅವಳ ಅಕ್ಕ ಹಜ್‌ನಿಂದ ತಂದುಕೊಟ್ಟ ಝಂಝಂ, ಮೆಕ್ಕಾದ ಪವಿತ್ರ ಬಾವಿಯ ನೀರು. ಅದರ ತೆಳು ಉಪ್ಪುರುಚಿ ಅವನಿಗೂ ಗೊತ್ತು.

"ದಿನಾ ಹಾಕ್ತೀಯೇನೆ?"

"ಬರಕತ್ ಇರ್ಲಿ ಅಂತ. ತಪ್ಪಾಯ್ತೇನ್ರೀ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಅದ್ನ ನೀನ್ ಕುಡಿ. ಇದಕ್ಕೆ ಬೇಡ," ಎಂದ.

ಅಂದು ಸಂಜೆ ಮನೆಯ ನೀರು ಮೊದಲ ಸಲ ತಿಳಿಯಾಗಿ ಬಂತು. ಗೆದ್ದವನ ಗತ್ತಿನಲ್ಲಿ ಲೋಟ ತಂದು, ಕೆಳಗೆ ಕೂತು, ಅವಳ ಕಾಲಿನ ಬಟ್ಟೆ ತಾನೇ ಬಿಚ್ಚಿದ. ಬೆರಳೊಂದೇ ಅಲ್ಲ, ಅರ್ಧ ಪಾದ ಕಪ್ಪಾಗಿತ್ತು. ಹೆಬ್ಬೆರಳಿನಿಂದ ಅಲ್ಲಿ ಒತ್ತಿದ, ಕಾಲು ಅಲುಗಲಿಲ್ಲ.

"ಬಿಚ್ಚಿದ್ರಾ?" ಎಂದಳು, ಗೋಡೆಗೊರಗಿ ಕಣ್ಣು ಮುಚ್ಚಿದ್ದವಳು.

ಜುಲ್ಫಿಕರ್ ಲೋಟ ಬದಿಗಿಟ್ಟು ಎದ್ದ. ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರು ಈ ಸಲ ಬೆರಳಿನ ಮಾತೇ ಎತ್ತಲಿಲ್ಲ. ಪಾದ ಉಳಿಯುವುದಿಲ್ಲ ಎಂದರು. "ಯಾವಾಗಿಂದ ಕಪ್ಪಾಗಿದೆ?" ಎಂದು ಅವನನ್ನೇ ಕೇಳಿದರು. ಯಾವ ದಿನದ ನೀರು ಎಷ್ಟು ಬೆಳ್ಳಗಿತ್ತು ಎಂದು ಕೇಳಿದ್ದರೆ ಒಂದೂ ಬಿಡದೆ ಹೇಳುತ್ತಿದ್ದ. ಇದಕ್ಕೆ ಅವನು ಹಜರಾಳ ಮುಖ ನೋಡಿದ.

"ಅವ್ರಿಗೆ ಗೊತ್ತಿಲ್ಲ ಸಾರ್," ಎಂದಳು ಹಜರಾ, ಗಂಡನ ಮರ್ಯಾದೆ ಉಳಿಸುವವಳಂತೆ. "ಅವ್ರು ನೀರು ನೋಡ್ಕೊಳ್ತಿದ್ರು."