ಮೂರು ಹಲ್ಲು

ಗಂಡನ ಅಂಗಿಯ ಎಡಜೇಬಿಗೆ ಲಕೋಟೆ ತುರುಕಿ ಅವಳು ಗುಂಡಿ ಹಾಕತೊಡಗಿದಳು. ಅಂಗಿ ಹೊಸದು, ಕಾಜು ಬಿಗಿ. ಹಲ್ಲು ಕಚ್ಚಿ, ಗುದ್ದಾಡಿ, ಕೊನೆಗೂ ಹಾಕಿದಳು. ಹೆಣವನ್ನು ನಡುಮನೆಯ ತಗ್ಗು ಮಂಚದ ಮೇಲೆ ಮಲಗಿಸಿ ಆಗಲೇ ಒಂದು ಗಂಟೆಯಾಗಿತ್ತು.

"ಏನಿಟ್ರಿ ಅಕ್ಕ?" ಕುರ್ಚಿ ಸಾಲು ಹಾಕುತ್ತಿದ್ದ ಡ್ರೈವರ್ ಕೇಳಿದ. ಪತ್ರಿಕೆಯ ವ್ಯಾನನ್ನು ಮೂವತ್ತು ವರ್ಷ ಓಡಿಸಿದವನು ಅವನು.

"ನೆಗೆಟಿವ್."

"ಅದೇನಾ?"

"ಅದೇ. ನಿಮ್ಮ ಫೋಟೊಗ್ರಾಫರ್ ದೊಡ್ಡವರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು. ಹೇಗೆ ಸತ್ತ ಅಂತ ಕೇಳಲಿಲ್ಲ, ನೆಗೆಟಿವ್ ಎಲ್ಲಿದೆ ಅಂತ ಕೇಳಿದ್ರು. ಮನೆಹಾಳ! ಇವರ ಜೊತೆ ಮಣ್ಣಾಗಿ ಹೋಗಲಿ. ಆ ಕೈಗೆ ಮಾತ್ರ ಸಿಗಬಾರದು."

ಡ್ರೈವರ್ ಮತ್ತೊಂದು ಕುರ್ಚಿ ಬಿಡಿಸಿದ. ಅವಳು ಬಚ್ಚಲ ಬಾಗಿಲ ಮೊಳೆಗೆ ನೇತುಹಾಕಿದ್ದ ಗಂಡನ ಸ್ವಂತ ಕ್ಯಾಮೆರಾ, ಯುದ್ಧಕ್ಕೂ ಹೋಗಿಬಂದ ಹಳೆಯದು, ತಂದು, ಒರೆಸಿ, ಸತ್ತವನ ಬಲಗೈ ಪಕ್ಕ ಇಟ್ಟಳು. ಆ ಕೈಯ ಉಗುರುಗಳು ಕಂದುಬಣ್ಣಕ್ಕೆ ತಿರುಗಿ ಎಷ್ಟೋ ವರ್ಷವಾಗಿತ್ತು. ಪತ್ರಿಕೆಯ ಕತ್ತಲೆಕೋಣೆಯಲ್ಲಿ ಮೂವತ್ತಾರು ವರ್ಷ ರಾಸಾಯನಿಕದಲ್ಲಿ ಅದ್ದಿದ ಉಗುರುಗಳು.

"ಇದರಲ್ಲಿ ಇನ್ನೂ ರೀಲಿದೆಯಲ್ಲ," ಎಂದ ಮೊಳೆಯಣ್ಣ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದ ಅವನಿಗೆ ಅದೇ ಹೆಸರು.

"ಎರಡು ಫೋಟೊ ಬಾಕಿ. ಹೋದ ತಿಂಗಳು ನನ್ನನ್ನ ಕೂರಿಸಿ ತೆಗೀತಾ ಇದ್ರು. ಕೆಮ್ಮು ಬಂತು. ನಾಳೆ ತೆಗೀತೀನಿ ಅಂದ್ರು."

ಹತ್ತು ಗಂಟೆಯ ಹೊತ್ತಿಗೆ ಆಫೀಸಿನ ಹಳಬರು ಸೇರಿದರು. ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂರುವುದು? ಮಾತು ಫೋಟೊಗಳ ಕಡೆ ಹೊರಳಿತು.

"ಯುದ್ಧದ ಫೋಟೊ ಅಂದ್ರೆ ನನಗೆ ಆ ಸುಟ್ಟ ಟ್ಯಾಂಕಿಂದೇ," ಎಂದ ಡ್ರೈವರ್. "ಅದರ ಮೇಲೆ ಬಟ್ಟೆ ಒಣಗಿಹಾಕ್ತಾ ಇರ್ತಾಳಲ್ಲ ಒಬ್ಬಳು ಹೆಂಗಸು. ತೆಗೆದವನು ಭಾರಿ ಮನುಷ್ಯ ಕಣ್ರಿ."

"ಅದರಲ್ಲಿ ಗುಂಡೆಲ್ಲಿದೆ, ಹೊಗೆಯೆಲ್ಲಿದೆ? ಬಟ್ಟೆ ನೋಡೋಕೆ ನಿನ್ನ ಮನೆ ಹಿತ್ತಿಲು ಸಾಲದಾ?" ಮೊಳೆಯಣ್ಣ ಹಂಗಿಸಿದ. "ಎಷ್ಟು ಜನ ತೆಗೆದ್ರೂ ನಮ್ಮ 'ಬೂಟಿನ ದಾರ' ಫೋಟೊದ ಮುಂದೆ ಎಲ್ಲಾ ನೀರು. ಹಿಂದೆ ನೆಲಕ್ಕೆ ನೆಲವೇ ಎದ್ದಿದೆ, ಒಬ್ಬ ಸೈನಿಕ ಮಂಡಿಯೂರಿ ಜೊತೆಗಾರನ ಬೂಟಿಗೆ ದಾರ ಕಟ್ತಾ ಇದ್ದಾನೆ. ಆ ಜೊತೆಗಾರನ ಎರಡು ಕೈಗೂ ಬ್ಯಾಂಡೇಜು. ನಲವತ್ತು ವರ್ಷ ಆಯ್ತು, ಈಗ ನೋಡಿದ್ರೂ ಮೈ ಜುಮ್ಮೆನ್ನತ್ತೆ. ದೊಡ್ಡವರು ದೊಡ್ಡವರೇ."

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅವಳು ಅವನನ್ನೇ ನೋಡುತ್ತಿದ್ದಳು.

"ಹೇಳಿ ಮೊಳೆಯಣ್ಣ. ಇವರೆದುರಿಗೇ ಹೇಳಿ. ಇವತ್ತು ಇವರಿಗೆ ಕೇಳಿಸಲ್ಲ."

*

ಆ ಯುದ್ಧಕ್ಕೆ ಪತ್ರಿಕೆಯಿಂದ ಒಂದು ವ್ಯಾನು ಹೋಗಿತ್ತು. ಓಡಿಸಲು ಡ್ರೈವರ್, ಫೋಟೊ ತೆಗೆಯಲು ದೊಡ್ಡವರು, ವ್ಯಾನಿನ ಹೊಟ್ಟೆಯೊಳಗೇ ರೀಲು ತೊಳೆಯಲು ಈಗ ಮಂಚದ ಮೇಲೆ ಮಲಗಿರುವ ಇವನು. ಆಫೀಸಿನ ಕ್ಯಾಮೆರಾಗಳೆಲ್ಲ ಒಂದೇ ಥರದವು. ರೀಲುಗಳು ಕಲಸಿಹೋಗಬಾರದೆಂದು ಇವನು ಪ್ರತಿ ಕ್ಯಾಮೆರಾದ ಒಳಚೌಕಟ್ಟಿಗೆ ಅರದಿಂದ ಕಚ್ಚು ಹಾಕಿಟ್ಟಿದ್ದ. ದೊಡ್ಡವರದಕ್ಕೆ ಒಂದು. ತನ್ನ ಸ್ವಂತದ್ದಕ್ಕೆ ಮೂರು. ಯಾವ ಕ್ಯಾಮೆರಾದ್ದೋ ಅದರ ಕಚ್ಚು ಫೋಟೊದ ಕಪ್ಪು ಅಂಚಿನಲ್ಲಿ ಬಿಳಿ ಹಲ್ಲಿನಂತೆ ಮೂಡುತ್ತಿತ್ತು. ಪತ್ರಿಕೆಯಲ್ಲಿ ಮಾತ್ರ ಅಂಚು ಕತ್ತರಿಸಿಯೇ ಅಚ್ಚು ಹಾಕುತ್ತಿದ್ದರು.

ಆ ಮಧ್ಯಾಹ್ನ ರೀಲು ತೊಳೆಯುವ ನೀರಿಗೆಂದು ಬಕೆಟ್ ಹಿಡಿದು ಇಳಿದಿದ್ದ. ಶೆಲ್ ಬೀಳತೊಡಗಿತು. ದೊಡ್ಡವರು ವ್ಯಾನಿನ ಕೆಳಗೆ ತೂರಿ, ಕೆಸರಿಗೆ ಮುಖ ಒತ್ತಿಕೊಂಡು ಮಲಗಿದರು. ಇವನು ಓಡಲಿಲ್ಲ. ಧೈರ್ಯವೇನಲ್ಲ, ಬಕೆಟ್ ತುಂಬಿತ್ತು, ಚೆಲ್ಲಬಾರದು. ಆಗಲೇ ಹತ್ತು ಮಾರು ದೂರದಲ್ಲಿ ಆ ಇಬ್ಬರು ಕಂಡರು. ಎಡಗೈಯಲ್ಲಿ ಬಕೆಟ್, ಬಲಗೈಯಲ್ಲಿ ತನ್ನ ಕ್ಯಾಮೆರಾ. ಒಂದೇ ಒಂದು ಸಲ ಒತ್ತಿದ.

ವ್ಯಾನಿನಿಂದ ಹೋದ ಲಕೋಟೆಗಳ ಮೇಲೆಲ್ಲ ದೊಡ್ಡವರೊಬ್ಬರದೇ ಹೆಸರು ಬರೆಯುವ ಪದ್ಧತಿ. ಮರುದಿನ ಮುಖಪುಟದಲ್ಲಿ ಆ ಹೆಸರೇ ಬಂತು. "ಮುಂದಿನ ವಾರ ತಿದ್ದಿಸೋಣ ಬಿಡು," ಎಂದರು ದೊಡ್ಡವರು. ಮುಂದಿನ ವಾರ ಅವರಿಗೆ ಪ್ರಶಸ್ತಿ ಬಂತು.

ಮನೆಯಲ್ಲಿ ಅವಳು ಕೆಂಡವಾದಳು. "ಬಾಯಿಲ್ವಾ ನಿಮಗೆ? ಹೋಗಿ ಹೇಳಿ!"

"ನಾನು ಬಕೆಟ್ ಹೊರೋನು. ಬಕೆಟ್ ಹೊರೋನ ಮಾತು ಯಾರು ನಂಬ್ತಾರೆ?"

ಅವತ್ತಿನಿಂದ ಅವಳು ಅವನನ್ನು ಹೇಡಿ ಎಂದೇ ಬೈದಳು. ಅದೂ ವಾರಕ್ಕೊಂದು ಸಲ, ತಪ್ಪದಂತೆ.

*

ಕಾರು ನಿಂತ ಸದ್ದಾಯಿತು. ದೊಡ್ಡವರು ಇಳಿದರು. ತಲೆ ಹತ್ತಿಯಾಗಿತ್ತು, ನಡಿಗೆಯ ಗತ್ತು ಮಾತ್ರ ಹಾಗೇ ಇತ್ತು. ಸತ್ತವನ ತಲೆಯ ಬಳಿ ನಿಂತು, "ನನ್ನ ಬಲಗೈ ಹೋಯ್ತು," ಎಂದರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಎಂದರು. ಆಮೇಲೆ ಅವಳ ಹಿಂದೆ ಅಡುಗೆಮನೆಗೆ ಬಂದರು.

"ನೋಡಮ್ಮ, ಇಂಥ ದಿನ ಕೇಳಬಾರದು..."

"ಹಾಗಾದ್ರೆ ಕೇಳಬೇಡಿ."

"ನೆಗೆಟಿವ್ ಅವನ ಹತ್ರನೇ ಬಿಟ್ಟಿದ್ದೆ. ಅವನಷ್ಟು ಚೆನ್ನಾಗಿ ಪ್ರಿಂಟ್ ಹಾಕೋರು ಯಾರಿದ್ರು? ಈಗ ತೊಂದರೆಯಾಗಿದೆ. ಮ್ಯೂಸಿಯಂನೋರು ಪ್ರಿಂಟ್ ವಾಪಸ್ ಕಳಿಸ್ತಿದ್ದಾರೆ. ಹಳದಿಯಾಗಿ, ಕಂದಾಗಿ, ಮುಖ ಮೂಗು ಒಂದೂ ಕಾಣ್ತಿಲ್ಲ."

"ಎಷ್ಟು ಹಾಳಾಗಿದೆ?"

"ಎಲ್ಲಾನೂ. ಅವನು ಹಾಕಿಕೊಟ್ಟಿದ್ದು ಒಂದೂ ಉಳಿದಿಲ್ಲ."

ಅವಳು ಬಚ್ಚಲ ಬಾಗಿಲ ಕಡೆ ತಿರುಗಿ ನೋಡಿದಳು.

*

ಇಪ್ಪತ್ತೈದು ವರ್ಷದ ಹಿಂದೆ ಆಫೀಸು ಕತ್ತಲೆಕೋಣೆ ಮುಚ್ಚಿದ ಮೇಲೆ ಅವನು ಮನೆಯ ಬಚ್ಚಲಲ್ಲೇ ಪ್ರಿಂಟ್ ಹಾಕುತ್ತಿದ್ದ. ಕೊನೆಗೆ ಹರಿವ ನೀರಿನಲ್ಲಿ ತೊಳೆಯುವುದು ಅವಳ ಕೆಲಸ. "ಗಂಟೆ ಹೊತ್ತು ತೊಳೀಬೇಕು," ಎಂದು ಮೊದಲ ದಿನವೇ ಕಲಿಸಿದ್ದ. "ಹೈಪೋ ಅನ್ನೋ ಆ ಫೋಟೊ ಉಪ್ಪು ಒಂಚೂರು ಉಳಿದ್ರೂ ಹುಳು ಬಿಟ್ಟ ಹಾಗೆ. ಇವತ್ತು ತಿನ್ನಲ್ಲ, ನಾಳೆ ತಿನ್ನಲ್ಲ. ಇಪ್ಪತ್ತು ವರ್ಷಕ್ಕೆ ತಿಂದು ತೇಗತ್ತೆ."

ಪಕ್ಕದ ಮನೆಯ ಮದುವೆ ಫೋಟೊಗೂ ಗಂಟೆ ಹೊತ್ತು. ಬೀದಿ ಮೂಲೆಯ ದರ್ಜಿಯ ಫೋಟೊಗೂ ಗಂಟೆ ಹೊತ್ತು. ದೊಡ್ಡವರ 'ಬೂಟಿನ ದಾರ' ಬಂದಾಗ ಮಾತ್ರ ನಲ್ಲಿ ಬಿಟ್ಟು ಮೂರು ನಿಮಿಷಕ್ಕೆ, "ಸಾಕು, ತೆಗಿ," ಎನ್ನುತ್ತಿದ್ದ.

"ಇಷ್ಟು ಬೇಗನಾ?"

"ದೊಡ್ಡವರಿಗೆ ಅರ್ಜೆಂಟು."

ಅವರ ಕೆಲಸಕ್ಕೆ ಇವನಿಗೇನು ಅವಸರವೆಂದು ಅವಳು ಅದಕ್ಕೂ ಬೈದಿದ್ದಳು. ಹೇಡಿಗೆ ಹೆದರಿಕೆ ಬೇರೆ ಎಂದು.

*

ಅಡುಗೆಮನೆಯಿಂದ ನಗು ಕೇಳಿತು. ನಡುಮನೆಯವರು ಬೆಚ್ಚಿದರು. ಗಂಡನ ಹೆಣ ಇನ್ನೂ ಮನೆಯಲ್ಲಿರುವಾಗ ಆ ಹೆಂಗಸು ಹೊಟ್ಟೆ ಹಿಡಿದು ನಗುತ್ತಿದ್ದಳು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು.

"ಏನಮ್ಮ ಇದು?" ದೊಡ್ಡವರು ಹಿಂದೆ ಸರಿದರು.

"ಏನಿಲ್ಲ ಸಾರ್. ಒಬ್ಬರನ್ನ ನಲವತ್ತು ವರ್ಷ ಸುಮ್ಮಸುಮ್ಮನೆ ಬೈದುಬಿಟ್ಟೆ." ಕಣ್ಣೊರೆಸಿಕೊಂಡಳು. "ನೆಗೆಟಿವ್ ಕೊಡ್ತೀನಿ. ಹೊರಗೆ ಹೋಗಿ ಒಂದೇ ಮಾತು ಹೇಳಿ. ಈ ಫೋಟೊ ತೆಗೆದವನು ಇವನು ಅಂತ."

ದೊಡ್ಡವರ ಮುಖ ಗಂಟಿಕ್ಕಿತು. "ಎಲ್ಲಾ ಆಗಿಹೋದ ಮಾತು. ಹೆಸರು ತಗೊಂಡು ಅವನೇನು ಮಾಡ್ತಾನೆ ಈಗ? ನನಗೆ ಈ ವಯಸ್ಸಲ್ಲಿ ಅವಮಾನ ಆಗಬೇಕಾ?"

"ಹೇಳಲ್ವಾ?"

"ಹೇಳೋಕೆ ಏನಿದೆ?"

ಅವಳು ತಲೆಯಾಡಿಸಿದಳು. ದನಿ ತೀರಾ ಮೆತ್ತಗಾಯಿತು. "ಅವರ ಎಡಜೇಬಲ್ಲಿದೆ. ಗಾಡಿ ಬಂದಿದೆ, ಈಗ ಎಲ್ರೂ ಅಂಗಳಕ್ಕೆ ಹೋಗ್ತಾರೆ. ಬೇಗ ತಗೊಳ್ಳಿ. ಆಮೇಲೆ ಮಣ್ಣು ಅಗೀಬೇಕಾಗತ್ತೆ."

ನಡುಮನೆ ಖಾಲಿಯಾಗಿತ್ತು. ದೊಡ್ಡವರು ಬಾಗಿಲತ್ತ ಒಮ್ಮೆ ಇಣುಕಿ, ತಗ್ಗು ಮಂಚದ ಎಡಕ್ಕೆ ಮಂಡಿಯೂರಿದರು. ಕಾಜು ಬಿಗಿ. ಎರಡೂ ಕೈ ಹಾಕಿ ಗುಂಡಿಯ ಜೊತೆ ಗುದ್ದಾಡತೊಡಗಿದರು.

ಮಂಚದ ಬಲಕ್ಕೆ ಬಂದು ನಿಂತ ಅವಳು ಗಂಡನ ಕೈ ಪಕ್ಕದಿಂದ ಕ್ಯಾಮೆರಾ ಎತ್ತಿಕೊಂಡಳು. ಕಣ್ಣಿಗಿಟ್ಟಳು. ಉಸಿರು ಬಿಗಿಹಿಡಿ, ಅವಸರ ಮಾಡಬೇಡ, ಎಂದು ಅವನೇ ಕಲಿಸಿದ್ದ. ಅವಳು ಅವಸರ ಮಾಡಲಿಲ್ಲ. ಗುಂಡಿ ಬಿಚ್ಚಲಿ ಎಂದು ಕಾದಳು. ಬೆರಳುಗಳು ಸತ್ತವನ ಜೇಬಿನೊಳಗೆ ಇಳಿಯಲಿ ಎಂದು ಕಾದಳು.

"ಸಾರ್," ಎಂದಳು.

ದೊಡ್ಡವರು ತಲೆ ಎತ್ತಿದರು. ಕೈ ಇನ್ನೂ ಜೇಬಿನೊಳಗೇ ಇತ್ತು.

ಟಕ್.

ಹೆಣ ಎತ್ತಲು ಬಂದ ಜನ ಬಾಗಿಲಲ್ಲಿ ತುಂಬಿಕೊಂಡರು. ಎಲ್ಲರಿಗಿಂತ ಮುಂದೆ ಡ್ರೈವರ್ ನಿಂತಿದ್ದ. ದೊಡ್ಡವರು ಮಂಡಿಯೂರಿದ್ದನ್ನೂ ಆ ಕೈಯನ್ನೂ ನೋಡಿದ. ನಲವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಆಗ ಹೊರಬಿತ್ತು.

"ಅವತ್ತೂ ಹೀಗೇ ಇದ್ರಲ್ಲ ಸಾರ್, ನನ್ನ ವ್ಯಾನಿನ ಕೆಳಗೆ."

"ಮೊಳೆಯಣ್ಣ," ಎಂದಳು ಅವಳು, ಕ್ಯಾಮೆರಾ ಕಣ್ಣಿಂದ ಇಳಿಸದೆ, "ಇದನ್ನ ಅಂಚಿನ ಸಮೇತ ಪ್ರಿಂಟ್ ಹಾಕಿಸಿ. ಆ ನೆಗೆಟಿವ್‌ನಲ್ಲಿರೋ ಮೂರು ಹಲ್ಲೇ ಇದರಲ್ಲೂ ಕಾಣಲಿ. ಗಂಟೆ ಹೊತ್ತು ನಾನೇ ತೊಳೀತೀನಿ."

ದೊಡ್ಡವರು ಎದ್ದೇಳಲು ಮಂಚದ ಅಂಚು ಹಿಡಿದರು. ಅವಳು ಹೆಬ್ಬೆರಳಿಂದ ರೀಲು ಮುಂದಕ್ಕೆ ತಿರುಗಿಸಿದಳು. ಇನ್ನೂ ಒಂದು ಬಾಕಿ ಇತ್ತು.