ಕೈ ಜಾರಿಲ್ರಿ

ರಾವೂರಿನ ಕಲ್ಲಿನ ಗಣಿಯಲ್ಲಿ ಒಬ್ಬ ಉಳಿ ಹಿಡಿಯುತ್ತಾನೆ, ಇನ್ನೊಬ್ಬ ಸುತ್ತಿಗೆ ಬೀಸುತ್ತಾನೆ. ಏಟು ತಪ್ಪಿ ಹಿಡಿದವನ ಬೆರಳಿಗೆ ಬಿದ್ದರೆ ಬೀಸಿದವನು “ತಪ್ಪಾತು” ಅನ್ನಬೇಕು, ಹಿಡಿದವನು “ನಡೀಲಿ” ಅನ್ನಬೇಕು. ಅಷ್ಟಕ್ಕೆ ಮುಗಿಯಿತು. ಆಮೇಲೂ ಮುಖ ಊದಿಸಿಕೊಂಡವನ ಜೋಡಿ ಯಾರೂ ಕೂಡುತ್ತಿರಲಿಲ್ಲ.

ಗೊಲ್ಲಾಳಪ್ಪ ಬೀಸುವವನು, ಮಶಾಕ ಹಿಡಿಯುವವನು. ಮೀಸೆ ಮೂಡಿದಾಗಿನಿಂದ ಅದೇ ಜೋಡಿ. ಒಂದು ದಿನ ಬುತ್ತಿ ಉಂಡು ಎಲ್ಲರೂ ಕೂತಿದ್ದಾಗ ಮಶಾಕ ನಗುತ್ತ, “ಗೊಲ್ಲಾಳ್ಯಾ, ನಿನ್ನ ಕೈ ನಡುಗಾಕತ್ತಾವಲೇ. ನಾಳಿಂದ ಹೆಂಗಸೂರ ಜೋಡಿ ಬುಟ್ಟಿ ಹೊರು” ಅಂದ. ಗಣಿಗೆ ಗಣಿಯೇ ನಕ್ಕಿತು. ಗೊಲ್ಲಾಳಪ್ಪ ನಗಲಿಲ್ಲ. ಮಶಾಕ ಕಲ್ಲಿನ ಮೇಲೆ ಉಳಿ ಇಡುವ ತನಕ ಕಾದ. ಸುತ್ತಿಗೆಯನ್ನು ಉಳಿಯ ಮೇಲಲ್ಲ, ಅವನ ಮುಂಗೈ ಮೇಲೆ ಇಳಿಸಿದ.

ಸಂಜೆಗೆ ತಾನೇ ನಡೆದುಕೊಂಡು ವಾಡಿ ಠಾಣೆಗೆ ಹೋಗಿ ಕೂತ.

ಚಿತ್ತಾಪುರದ ಕೋರ್ಟು ಕಚೇರಿಗೆ ಆಗ ಬಂದಿದ್ದ ಮ್ಯಾಜಿಸ್ಟ್ರೇಟರು ಹೈದರಾಬಾದಿನವರು, ಕನ್ನಡ ಬಾರದು. ನಿಜಾಮನ ಆಳ್ವಿಕೆ ಹೋಗಿ ನಾಲ್ಕು ವರ್ಷವಾಗಿದ್ದರೂ ಕಚೇರಿಯ ಬಾಯಿ ಇನ್ನೂ ಉರ್ದುವೇ. ಗುಮಾಸ್ತ ಮಡಿವಾಳಯ್ಯ ನಡುವೆ ನಿಂತು ಅತ್ತಿಂದಿತ್ತ ಮಾತು ದಾಟಿಸುತ್ತಿದ್ದ. ಗುನ್ಹೆ ಕಬೂಲೋ, ಅಪರಾಧ ಒಪ್ಪುತ್ತೀಯೋ ಇಲ್ಲವೋ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಗೊಲ್ಲಾಳಪ್ಪ ಕೈ ಮುಗಿದ.

“ತಪ್ಪಾತ್ರಿ.”

“ಗಲ್ತಿ ಸೇ ಲಗ್ ಗಯಾ, ಸಾಬ್,” ಅಂದ ಮಡಿವಾಳಯ್ಯ.

ತಪ್ಪಿ ಏಟು ಬಿತ್ತು ಎಂದು ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಗೊಲ್ಲಾಳಪ್ಪನ ವಕೀಲ ಗುರುಲಿಂಗಯ್ಯನ ಮುಖ ಅರಳಿತು. “ಬಾಯಿ ಮುಚ್ಕೊಂಡು ನಿಂದ್ರು,” ಎಂದು ಪಿಸುಗುಟ್ಟಿದ. “ಕೈ ಜಾರ್ತು ಅಂತ ಬರದಾರ. ನಿನ್ನವು ನಡುಗೋ ಕೈ ಅಂತ ಆ ಮಶಾಕನೇ ಅಂದಾನಲ್ಲ! ಉಳಿ ಸೊಟ್ಟ ಹಿಡದಿದ್ದ ಅಂತ ಮಶಾಕನ್ನ ಕಟಕಟೆಗಿ ಕರಸ್ತೀನಿ. ನೀ ಸೀದಾ ಮನಿಗಿ ಹೋಗ್ತಿ.”

ಮನೆ ಅಂದರೆ ಹೆಂಡತಿ ಸಾಬಮ್ಮ, ತುಂಬಿದ ಬಸುರಿ. ಗೊಲ್ಲಾಳಪ್ಪ ಹಿಂದೆ ತಿರುಗಿ ನೋಡಿದ. ಬಾಗಿಲ ಬಳಿ ಮಶಾಕ, ಬಟ್ಟೆ ಸುತ್ತಿದ ಕೈಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇನ್ನು ಆ ಕೈ ಉಳಿ ಹಿಡಿಯುವುದಿಲ್ಲ. ಅದು ಚೆನ್ನಾಗಿದ್ದಾಗಲೂ ಸರಿಯಾಗಿ ಹಿಡಿಯುತ್ತಿರಲಿಲ್ಲ ಎಂದು ಇವರೆಲ್ಲ ಸೇರಿ ಬರೆಯುತ್ತಾರೆ.

ಗೊಲ್ಲಾಳಪ್ಪನಿಗೂ ಉರ್ದು ತಿಳಿಯುತ್ತಿತ್ತು. ಕಲಿಸಿದವನು ಮಶಾಕನೇ.

“ಗಲ್ತಿ ಸೇ ನಹೀ, ಸಾಬ್,” ಅಂದ. “ಮಾರಾ.”

ವಕೀಲ ಅವನ ಅಂಗಿ ಜಗ್ಗಿದ. “ಹುಚ್ಚ ಅದಾನ್ರಿ, ಕೈ ನಡುಗ್ತಾವ್ರಿ!”

“ನಡುಗೋದು ಖರೇ ಅದರಿ,” ಅಂದ ಗೊಲ್ಲಾಳಪ್ಪ. “ಅವತ್ತ ನಡುಗಿಲ್ಲ. ಕೈ ಜಾರಿಲ್ರಿ, ಹೊಡದೀನಿ. ಅಂವ ಉಳಿ ನೆಟ್ಟಗ ಹಿಡದಿದ್ದ. ಹಂಗ ಹಿಡ್ಯಾವ ಈ ಶಹಾಬಾದ ಸೀಮ್ಯಾಗ ಇನ್ನೊಬ್ಬ ಇಲ್ಲ. ಅದನ್ನೂ ಬರಕೋರಿ.”

ಮಡಿವಾಳಯ್ಯ ಈ ಸಲ ಅಂದದ್ದನ್ನು ಅಂದ ಹಾಗೇ ದಾಟಿಸಿದ. ಮ್ಯಾಜಿಸ್ಟ್ರೇಟರು ಮೊದಲು ಬರೆದದ್ದನ್ನು ಹೊಡೆದು ಹಾಕಿದರು.  ಮೂರು ವರ್ಷ ಸಜೆಯ ಗುನ್ಹೆ, ಮೊದಲ ದಿನವೇ ಒಪ್ಪಿಕೊಂಡಿದ್ದಾನೆ, ಪೆಟ್ಟು ತಿಂದವನನ್ನು ಕಟಕಟೆಗೆ ಎಳೆಯಲಿಲ್ಲ, ಆದ್ದರಿಂದ ಎರಡು ವರ್ಷ ಅಂದರು. ಪೆನ್ನು ಕೆಳಗಿಟ್ಟು, ಇವನು ಒಪ್ಪಿಕೊಂಡ ಮಾತ್ರಕ್ಕೆ ಅವನ ಕೈ ವಾಪಸ್ ಬರುವುದಿಲ್ಲ, ಅದಕ್ಕೇ ಇದಕ್ಕಿಂತ ಕಡಿಮೆ ಮಾಡಲಾರೆ ಎಂದೂ ಸೇರಿಸಿದರು. ಇದನ್ನು ಮಡಿವಾಳಯ್ಯ ಕನ್ನಡಕ್ಕೆ ದಾಟಿಸಲೇ ಇಲ್ಲ. ಬೇಕಾಗಿಯೂ ಇರಲಿಲ್ಲ.

ಬೇಡಿ ಹಾಕಿಕೊಂಡು ಹೊರಗೆ ಬಂದಾಗ ಗೊಲ್ಲಾಳಪ್ಪ ಮಶಾಕನ ಮುಂದೆ ನಿಂತ. ಏನೋ ಅನ್ನಲು ಬಾಯಿ ತೆರೆದ.

“ಆ ಗಣಿ ಮಾತು ಆಡಬ್ಯಾಡ,” ಅಂದ ಮಶಾಕ. “ನಡೀಲಿ ಅನ್ನಾಕ ನನಗ ಆಗಂಗಿಲ್ಲ.”

“ಆಡಂಗಿಲ್ಲ.”

ಮಶಾಕ ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತ ಕೂತ. ಪೊಲೀಸಿನವನು ಬೇಡಿ ಜಗ್ಗಿದ. ಗೊಲ್ಲಾಳಪ್ಪ ಕಚೇರಿ ಮುಂದಿನ ಬೇವಿನ ಮರ ದಾಟಿ ಹೋದ ಮೇಲೆ ಹಿಂದಿನಿಂದ ಮಶಾಕನ ಕೂಗು ಬಂತು.

“ಹೋಗಿ ಬಾರಲೇ, ಹೆಡ್ಡ ನನ್ನ ಮಗನಾ!”